ಹಳೆ ಇಂಜಿನ್ನಿಗೆ ಬಾಟ್ಲಿ ಔಷಧ: ನನ್ನ ವಹಿಯ ಲೆಕ್ಕ

ನಮ್ಮ ಟ್ರ್ಯಾಕ್ಟರು 1996ರ ಮಾಡೆಲ್. ಮೂರು ಸಿಲಿಂಡರ್, 35 ಎಚ್‌ಪಿ. ನಾನು ಅದನ್ನು 2006ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡೆ. ರೋಣ ತಾಲ್ಲೂಕಿನಲ್ಲಿ ನಮ್ಮದು ಎರೆ ಹೊಲ, ಮಳೆ ನಂಬಿದ ಬೇಸಾಯ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ. ಹೊಸ ಟ್ರ್ಯಾಕ್ಟರಿನ ಕಂತು ಕಟ್ಟುವಷ್ಟು ಈ ಬೆಳೆಯಲ್ಲಿ ಉಳಿಯುವುದಿಲ್ಲ. ಹಾಗಾಗಿ ಹಳೆಯದನ್ನೇ ಸುಧಾರಿಸಿಕೊಂಡು ಹೋಗುವುದು ನಮ್ಮಂಥವರ ಹಣೆಬರಹ.

2020ರ ಹೊತ್ತಿಗೆ ಅದು ಎಣ್ಣೆ ಕುಡಿಯುವುದಕ್ಕೆ ಹತ್ತಿತು. ಮುಂಜಾನೆ ಚಾಲೂ ಮಾಡಿದರೆ ಸೈಲೆನ್ಸರಿನಿಂದ ನೀಲಿ ಹೊಗೆ. ರೆಂಟೆ ಹೊಡೆಯುವಾಗ ಏರಿನಲ್ಲಿ ಉಸಿರು ಕಟ್ಟಿದ ಹಾಗೆ ಮಾಡುತ್ತಿತ್ತು. ಇಂಜಿನ್ ಬಿಚ್ಚಿಸಬೇಕು ಎಂದು ಗೊತ್ತಿತ್ತು. ಆದರೆ ಬಿತ್ತುವ ಹೊತ್ತು. ಕೈಯಲ್ಲಿ ದುಡ್ಡೂ ಇಲ್ಲ. ಬಿಡಿಭಾಗದ ಅಂಗಡಿಗೆ ಫಿಲ್ಟರ್ ತರಲು ಹೋದಾಗ ಅಲ್ಲಿದ್ದವರು ಒಂದು ಬಾಟ್ಲಿ ಮುಂದಿಟ್ಟರು. "ಎಣ್ಣೆ ಜೊತಿ ಇದನ್ನ ಹಾಕ್ರಿ. ಹೊಗಿ ನಿಲ್ತೈತಿ, ಪಿಕಪ್ ಬರ್ತೈತಿ, ಇಂಜಿನ್ ಬಿಚ್ಚೂದು ಬ್ಯಾಡ" ಅಂದರು. ಬೆಲೆ 650 ರೂಪಾಯಿ. ಇಂಜಿನ್ ಬಿಚ್ಚಿಸುವುದಕ್ಕೆ 30 ಸಾವಿರ. ನೀವು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ? ನಾನೂ ಅದನ್ನೇ ಮಾಡಿದೆ.

ಇಂಥ ಬಾಟ್ಲಿಗಳು ಇವತ್ತಿಗೂ ಎಲ್ಲ ಅಂಗಡಿಗಳಲ್ಲಿ ಸಾಲಾಗಿ ನಿಂತಿವೆ. ಎಣ್ಣೆಗೆ ಹಾಕುವುದು, ಡೀಸೆಲ್ಲಿಗೆ ಹಾಕುವುದು, ಪೆಟ್ರೋಲಿಗೆ ಹಾಕುವುದು, ಇಂಜಿನ್ ತೊಳೆಯುವುದು ಹೀಗೆ ನಾಕಾರು ನಮೂನೆ. ಕೆಲವು ಕೆಲಸ ಮಾಡುತ್ತವೆ. ಹೆಚ್ಚಿನವು ನಮ್ಮ ಇಂಜಿನ್ನಿಗೆ ಬೇಕಾಗಿಯೇ ಇಲ್ಲ. ಯಾವುದು ಯಾವುದು ಎಂಬುದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ನೀವು ಓದಿ ಕಲಿತರೆ ಸಾಕು ಎಂದು ಇದನ್ನು ಬರೆಯುತ್ತಿದ್ದೇನೆ.

ವಹಿಯಲ್ಲಿ ಬರೆದಿಟ್ಟದ್ದು

ನಾನು ಓದಿದ್ದು ಏಳನೆತ್ತೆ. ಆದರೆ ಟ್ರ್ಯಾಕ್ಟರಿಗೆ ಒಂದು ವಹಿ ಇಟ್ಟಿದ್ದೇನೆ. ಎಷ್ಟು ತಾಸು ದುಡಿಯಿತು, ಎಷ್ಟು ಡೀಸೆಲ್, ಎಷ್ಟು ಎಣ್ಣೆ ತುಂಬಿದೆ ಎಂದು ಬರೆಯುತ್ತೇನೆ. ಬಾಡಿಗೆ ಹೊಡೆಯುವವನಿಗೆ ಈ ಲೆಕ್ಕ ಬೇಕೇ ಬೇಕು.

ಬಾಟ್ಲಿ ಹಾಕುವ ಮೊದಲು 10 ತಾಸಿಗೆ 400 ಮಿಲಿ ಎಣ್ಣೆ ಇಳಿಯುತ್ತಿತ್ತು. 2020ರ ಅಕ್ಟೋಬರಿನಲ್ಲಿ ಹಳೆ ಎಣ್ಣೆ ತೆಗೆದು, ಹೊಸ ಫಿಲ್ಟರ್ ಕೂಡಿಸಿ, ಹೊಸ ಎಣ್ಣೆಯ ಜೊತೆ ಬಾಟ್ಲಿ ಸುರಿದೆ. ಮೊದಲ 20 ತಾಸಿನಲ್ಲಿ 10 ತಾಸಿಗೆ 200 ಮಿಲಿ ಮಾತ್ರ ಇಳಿಯಿತು. ಹೊಗೆ ಕಡಿಮೆ, ಸಪ್ಪಳವೂ ಕಡಿಮೆ. ಎಣ್ಣೆ ಒತ್ತಡದ ಮುಳ್ಳು ಮೊದಲಿಗಿಂತ ಮೇಲೆ ನಿಂತಿತು. ನನಗೆ ಹಿಗ್ಗೋ ಹಿಗ್ಗು. ಕಟ್ಟೆಯ ಮೇಲೆ ಕುಂತು ಎಲ್ಲರಿಗೂ ಹೇಳಿದೆ. ಇಬ್ಬರು ಹೋಗಿ ತಂದರು ಸಹಿತ.

40 ತಾಸಿನ ಹೊತ್ತಿಗೆ ಲೆಕ್ಕ 350 ಮಿಲಿಗೆ ಬಂತು. 70 ತಾಸಿಗೆ 500 ಮಿಲಿ. ಅಂದರೆ ಬಾಟ್ಲಿ ಹಾಕುವ ಮೊದಲಿಗಿಂತ ಹೆಚ್ಚು. ವಹಿ ಸುಳ್ಳು ಹೇಳುವುದಿಲ್ಲ. ಆದರೆ ನಾನು ವಹಿಯ ಮಾತು ಕೇಳಲಿಲ್ಲ. ಇನ್ನೊಂದು ಬಾಟ್ಲಿ ತಂದು ಸುರಿದೆ.

ರಾಶಿಯಲ್ಲಿ ಕೈಕೊಟ್ಟದ್ದು

2021ರ ಫೆಬ್ರವರಿ. ಕಡಲೆ ರಾಶಿ ಸುಗ್ಗಿ. ನಮ್ಮ ರಾಶಿ ಮುಗಿಸಿ, ಮಷಿನ್ನು ಜೋಡಿಸಿಕೊಂಡು ಊರಿನ ಒಬ್ಬ ಅಕ್ಕನವರ ಕಣಕ್ಕೆ ಹೋದೆ. ಗಂಡ ತೀರಿಕೊಂಡ ಮೇಲೆ ನಾಕು ಎಕರೆ ಒಬ್ಬರೇ ನೋಡಿಕೊಳ್ಳುವವರು. ಕಡಲೆ ಕಿತ್ತು ಬಣವೆ ಒಟ್ಟಿದ್ದರು. ಮೇಲೆ ಮೋಡ ಹಾಕಿತ್ತು. "ತಮ್ಮಾ, ಇವತ್ತ ಮುಗಿಸಿಬಿಡಪಾ" ಅಂದರು.

ಒಂದು ತಾಸು ನಡೆದಿರಬಹುದು. ಒತ್ತಡದ ಮುಳ್ಳು ಕೆಳಗೆ ಬಿತ್ತು. ಇಂಜಿನ್ನಿನ ಹೊಟ್ಟೆಯೊಳಗೆ ಟಕ್ ಟಕ್ ಸಪ್ಪಳ ಹತ್ತಿತು. ಬಂದ್ ಮಾಡಿದೆ. ಅಲ್ಲಿಗೆ ಮುಗಿಯಿತು. ಇನ್ನೊಬ್ಬರ ಟ್ರ್ಯಾಕ್ಟರು ಸಿಗಲು ಮೂರು ದಿನ ಬೇಕಾಯಿತು. ಅಷ್ಟರಲ್ಲಿ ಜಿನುಗು ಮಳೆ ಬಂತು. ತಾಡಪತ್ರಿ ಹೊಚ್ಚಿದ್ದೆವು. ಆದರೂ ಅಡಿಯಿಂದ ನೀರು ಹರಿದು ಬಣವೆಯ ಬುಡದ ಕಡಲೆ ಕರ್ರಗಾಯಿತು. ಆ ಕಾಳಿಗೆ ಪೇಟೆಯಲ್ಲಿ ದರ ಬರಲಿಲ್ಲ. ಅವರ ರಾಶಿಯ ಬಾಡಿಗೆ ನಾನೇ ಕೊಟ್ಟೆ. ಅವರು ಬೇಡ ಅಂದರೂ ಕೊಟ್ಟೆ. ಆದರೆ ಕಪ್ಪಾದ ಕಾಳು ಬೆಳ್ಳಗಾಗಲಿಲ್ಲವಲ್ಲ! ಈ ಲೇಖನ ಬರೆಯುವಾಗ ನನ್ನ 54 ಸಾವಿರಕ್ಕಿಂತ ಅದೇ ಹೆಚ್ಚು ನೆನಪಿಗೆ ಬರುತ್ತದೆ.

ಮಿಸ್ತ್ರಿ ತೋರಿಸಿದ್ದು

ಟ್ರ್ಯಾಕ್ಟರನ್ನು ಎಳೆಸಿಕೊಂಡು ಹೋಗಿ ಮಿಸ್ತ್ರಿಯ ಮುಂದೆ ನಿಲ್ಲಿಸಿದೆ. ಅವರಿಗೆ ಅರವತ್ತು ದಾಟಿದೆ. ಅವರು ಇಂಜಿನ್ನಿಗೆ ಕೈ ಹಚ್ಚಲಿಲ್ಲ. ಮೊದಲು ಏರ್ ಕ್ಲೀನರಿನಿಂದ ಇಂಜಿನ್ನಿಗೆ ಗಾಳಿ ಹೋಗುವ ರಬ್ಬರ್ ಪೈಪು ಬಿಚ್ಚಿದರು. ಅದರ ಒಳಗೆ ಬಿಳಿ ಅರಿವೆ ಹಾಕಿ ಒರೆಸಿ ನನ್ನ ಕೈಯಲ್ಲಿ ಕೊಟ್ಟರು. ಅರಿವೆಯ ಮೇಲೆ ನಮ್ಮ ಹೊಲದ ಎರೆಮಣ್ಣು ಹಿಟ್ಟಿನ ಹಾಗೆ ಕುಂತಿತ್ತು.

"ಅಣ್ಣಾರ, ಕ್ಲೀನರ್ ದಾಟಿ ಈ ಕಡೆ ಧೂಳ ಬರಬಾರದು. ಕ್ಲಿಪ್ಪಿನ ಬುಡಕ ಪೈಪ್ ಸೀಳೇತಿ ನೋಡ್ರಿ. ನೀವು ಮ್ಯಾಲಿಂದ ಬಾಟ್ಲಿ ಸುರಿಯಾಕ ಹತ್ತಿದ್ರಿ, ಇದು ಬಾಜೂಕಿಂದ ಮಣ್ಣು ತಿನ್ನಾಕ ಹತ್ತಿತ್ತು" ಅಂದರು.

ಆ ಪೈಪಿನ ಬೆಲೆ 180 ರೂಪಾಯಿ. ಕ್ಲಿಪ್ಪು 30.

ಇಂಜಿನ್ ಬಿಚ್ಚಿದಾಗ ಎಲ್ಲ ತಿಳಿಯಿತು. ಮಣ್ಣಿನ ಕಣ ಲೈನರನ್ನೂ ರಿಂಗನ್ನೂ ಸಾಣೆ ಹಿಡಿದ ಹಾಗೆ ತೇಯ್ದಿತ್ತು. ರಿಂಗ್ ಸವೆದದ್ದಕ್ಕೆ ಎಣ್ಣೆ ಮೇಲೆ ಹೋಗಿ ಸುಡುತ್ತಿತ್ತು. ಅದೇ ನೀಲಿ ಹೊಗೆ. ಎಣ್ಣೆಗೆ ಸೇರಿದ ಮಣ್ಣು ಬೇರಿಂಗುಗಳನ್ನೂ ತಿಂದಿತ್ತು. ಬೇರಿಂಗ್ ಸಡಿಲಾದಾಗ ಎಣ್ಣೆ ಒತ್ತಡ ಇಳಿಯುತ್ತದೆ. ನನ್ನ ಬಾಟ್ಲಿ ಮಾಡಿದ್ದು ಇಷ್ಟೇ: ಎಣ್ಣೆಯನ್ನು ಮಂದ ಮಾಡಿತು. ಮಂದ ಎಣ್ಣೆ ಸವೆದ ಸಂದಿನಲ್ಲಿ ಬೇಗ ಜಾರುವುದಿಲ್ಲ. ಹಾಗಾಗಿ ಹೊಗೆ ಕಡಿಮೆಯಾಯಿತು, ಮುಳ್ಳು ಮೇಲೇರಿತು, ಸಪ್ಪಳ ಅಡಗಿತು. ರೋಗ ಒಳಗೇ ಇತ್ತು, ಜ್ವರದ ಮುಳ್ಳು ಮಾತ್ರ ಇಳಿದಿತ್ತು.

ಆ ಮಂದ ಮಾಡುವ ಪದಾರ್ಥ ಒಂದು ಥರದ ಉದ್ದನೆಯ ಎಳೆ ಎಳೆಯ ಪಾಲಿಮರ್. ಗೇರು, ಬೇರಿಂಗುಗಳ ನಡುವೆ ಅರೆದಂತೆಲ್ಲ ಅದು ತುಂಡಾಗುತ್ತದೆ. ಎಣ್ಣೆ ಮತ್ತೆ ತೆಳ್ಳಗಾಗುತ್ತದೆ. ನನ್ನ ವಹಿಯಲ್ಲಿ 200 ಇದ್ದದ್ದು 500 ಆದದ್ದಕ್ಕೆ ಅದೂ ಒಂದು ಕಾರಣ. ಇನ್ನೊಂದು ಕಾರಣ, ಅಷ್ಟು ದಿನವೂ ಇಂಜಿನ್ ಮಣ್ಣು ತಿನ್ನುತ್ತಲೇ ಇತ್ತು.

"ಮೊದಲ ಬಂದಿದ್ರ ಲೈನರ್, ಪಿಸ್ಟನ್, ರಿಂಗ್ ಹಾಕಿ 30-31 ಸಾವಿರದಾಗ ಮುಗೀತಿತ್ತು. ಈಗ ಕ್ರ್ಯಾಂಕ್ ಗ್ರೈಂಡ್ ಮಾಡಿಸ್ಬೇಕು" ಅಂದರು. ಒಟ್ಟು 54 ಸಾವಿರ ಆಯಿತು. ಸವೆದ ಲೋಹ ಯಾವ ಬಾಟ್ಲಿಯಿಂದಲೂ ಬೆಳೆಯುವುದಿಲ್ಲ. ಎತ್ತಿನ ಕೊಂಬು ಮುರಿದರೆ ಎಣ್ಣೆ ಹಚ್ಚಿದರೆ ಕೊಂಬು ಬರುತ್ತದೆಯೇ?

ಎಣ್ಣೆಯೊಳಗೇ ಔಷಧ ಇದೆ

ನನ್ನ ತಮ್ಮನ ಮಗ ಆಟೊಮೊಬೈಲ್ ಡಿಪ್ಲೊಮಾ ಓದಿದ್ದಾನೆ. ನನ್ನ ವಹಿ ನೋಡಿ ಅವನು ಮೊದಲು ಕೇಳಿದ್ದು ಹೀಗೆ: "ದೊಡ್ಡಪ್ಪ, ಹೊಸಾ ಎಣ್ಣಿ, ಹೊಸಾ ಫಿಲ್ಟರ್, ಬಾಟ್ಲಿ ಮೂರೂ ಒಂದ ದಿನ ಹಾಕೀರಿ. ಮೊದಲನೇ ಇಪ್ಪತ್ತು ತಾಸು ಸುಧಾರಿಸಿದ್ದು ಯಾವುದರಿಂದ ಅಂತ ಹ್ಯಾಂಗ ಹೇಳ್ತೀರಿ?"

ನನಗೆ ನಾಚಿಕೆ ಆಯಿತು. ಹೊಲದಲ್ಲಿ ಹೊಸ ಗೊಬ್ಬರ ಹಾಕುವಾಗ ನಾಕು ಸಾಲು ಹಾಕದೆ ಬಿಟ್ಟು ನೋಡುವವನು ನಾನು. ಇಂಜಿನ್ನಿನಲ್ಲಿ ಆ ಬುದ್ಧಿ ಎಲ್ಲಿ ಹೋಗಿತ್ತು? ಬಾಟ್ಲಿ ಹಾಕಿ ಗುಣ ಕಂಡವರೆಲ್ಲರ ಕತೆಯೂ ಬಹಳ ಸಲ ಇದೇ. ಎಣ್ಣೆ ಬದಲಿಸಿದ ದಿನವೇ ಬಾಟ್ಲಿ ಹಾಕಿರುತ್ತಾರೆ. ಹೊಸ ಎಣ್ಣೆ ಮಾಡಿದ ಕೆಲಸದ ಪುಣ್ಯ ಬಾಟ್ಲಿಗೆ ಹೋಗುತ್ತದೆ.

ಅವನು ಹೇಳಿದ ಇನ್ನೊಂದು ಮಾತು ನನಗೆ ಗೊತ್ತೇ ಇರಲಿಲ್ಲ. ಒಳ್ಳೆ ಕಂಪನಿಯ ಇಂಜಿನ್ ಎಣ್ಣೆಯ ಡಬ್ಬಿಯೊಳಗೆ ಬರೀ ಎಣ್ಣೆ ಇರುವುದಿಲ್ಲ. ಮಸಿ ತೊಳೆಯುವ ಪದಾರ್ಥ, ತೊಳೆದ ಮಸಿ ಗಂಟು ಕಟ್ಟದಂತೆ ತೇಲಿಸಿ ಇಡುವುದು, ಲೋಹ ಸವೆಯದಂತೆ ಕಾಯುವ ಸತು ಮತ್ತು ರಂಜಕದ ಸಂಯುಕ್ತ, ನೊರೆ ಬಾರದ ಹಾಗೆ ಮಾಡುವುದು, ಬಿಸಿಯಲ್ಲೂ ಎಣ್ಣೆ ನೀರಾಗದಂತೆ ಹಿಡಿಯುವುದು, ಎಲ್ಲವನ್ನೂ ಅಳತೆ ಮಾಡಿ ಮೊದಲೇ ಬೆರೆಸಿರುತ್ತಾರೆ. ಡಬ್ಬಿಯ ಮೇಲೆ 15ಡಬ್ಲ್ಯು-40, ಸಿಎಚ್-4, ಸಿಐ-4 ಎಂದು ಇರುತ್ತದಲ್ಲ, ಅದು ಆ ಅಳತೆಯ ಗುರುತು. 15ಡಬ್ಲ್ಯು-40 ಎಂದರೆ ಎಣ್ಣೆ ಎಷ್ಟು ಮಂದ ಎಂಬುದು. ಸಿಎಚ್-4 ಎಂಬುದು ಡೀಸೆಲ್ ಇಂಜಿನ್ನಿನ ಪರೀಕ್ಷೆಯಲ್ಲಿ ಪಾಸಾದ ದರ್ಜೆ. ಪೆಟ್ರೋಲ್ ಗಾಡಿಯ ಎಣ್ಣೆಯಲ್ಲಿ ಇಂಗ್ಲಿಷ್ ಎಸ್ ಅಕ್ಷರದಿಂದ ಆ ದರ್ಜೆ ಶುರುವಾಗುತ್ತದೆ.

ಇಷ್ಟು ಅಳತೆ ಮಾಡಿ ಬೆರೆಸಿದ್ದಕ್ಕೆ ನಾವು ಮೇಲಿಂದ ಇನ್ನೊಂದು ಬಾಟ್ಲಿ ಸುರಿದರೆ, ಅಡಿಗೆಯವರು ಉಪ್ಪು ಹಾಕಿದ ಸಾರಿಗೆ ಮತ್ತೊಂದು ಹಿಡಿ ಉಪ್ಪು ಹಾಕಿದ ಹಾಗೆ. ಹಳೆ ಇಂಜಿನ್ನಿಗೆ ಮಂದ ಎಣ್ಣೆಯೇ ಬೇಕಾದರೆ, ಮಿಸ್ತ್ರಿಯನ್ನು ಕೇಳಿ ಒಂದು ದರ್ಜೆ ಮಂದ ಎಣ್ಣೆಯನ್ನೇ ಕೊಳ್ಳಬಹುದು. ಅದು ಬಾಟ್ಲಿಗಿಂತ ಅಗ್ಗ.

ಅಮೆರಿಕದಲ್ಲೂ ಇದೇ ಜಗಳ

ನಾವು ಹಳ್ಳಿಯವರು ಮೋಸ ಹೋದೆವು ಎಂದು ತಿಳಿಯಬೇಡಿ. ಓದಿದವರ ದೇಶದಲ್ಲೂ ಇದು ನಡೆದಿದೆ. ಹುಡುಗ ಓದಿ ಹೇಳಿದ್ದನ್ನು ಬರೆಯುತ್ತೇನೆ.

ಅಮೆರಿಕದಲ್ಲಿ ವ್ಯಾಪಾರದ ಮೋಸ ನೋಡಿಕೊಳ್ಳುವ ಸರಕಾರಿ ಕಚೇರಿ ಒಂದಿದೆ, ಫೆಡರಲ್ ಟ್ರೇಡ್ ಕಮಿಷನ್ ಎಂದು. ಅಲ್ಲಿ ಸ್ಲಿಕ್ 50 ಎಂಬ ಬಾಟ್ಲಿ ಬಹಳ ಹೆಸರು ಮಾಡಿತ್ತು. ಅದರಲ್ಲಿ ಟೆಫ್ಲಾನ್ ಜಾತಿಯ ಪದಾರ್ಥ. ದೋಸೆ ಹಂಚಿಗೆ ಹಿಟ್ಟು ಅಂಟದ ಹಾಗೆ ಬಳಿದಿರುತ್ತಾರಲ್ಲ, ಅದೇ. ಅದನ್ನು ಹಾಕಿದರೆ ಇಂಜಿನ್ ಸವೆಯುವುದು ಅರ್ಧ ಕಡಿಮೆಯಾಗುತ್ತದೆ ಎಂಬ ಜಾಹೀರಾತು. 1996ರಲ್ಲಿ ಕಮಿಷನ್ನು ಇದಕ್ಕೆ ತಕ್ಕ ಆಧಾರ ಇಲ್ಲ ಎಂದು ಆರೋಪ ಹಾಕಿತು. ಗಾಡಿಯ ಪುಸ್ತಕದಲ್ಲಿ ಹೇಳಿದ ಎಣ್ಣೆ ಹಾಕಿದರೆ ಹೆಚ್ಚಿನ ಇಂಜಿನ್ನುಗಳಿಗೆ ಚಾಲೂ ಮಾಡುವ ಹೊತ್ತಿನಲ್ಲೂ ಸಾಕಷ್ಟು ರಕ್ಷಣೆ ಇದೆ ಎಂದೂ ಹೇಳಿತು. 1997ರಲ್ಲಿ ಕಂಪನಿ ರಾಜಿಗೆ ಬಂತು. ಆಧಾರ ಇಲ್ಲದೆ ಅಂಥ ಮಾತು ಆಡುವುದಿಲ್ಲ ಎಂದು ಒಪ್ಪಬೇಕಾಯಿತು. ಡ್ಯುರಾ ಲೂಬ್ ಎಂಬ ಇನ್ನೊಂದು ಬಾಟ್ಲಿಯ ಮೇಲೆ 1999ರಲ್ಲಿ ಇದೇ ಥರದ ಆರೋಪ ಬಂದು, 2000ರಲ್ಲಿ ರಾಜಿಯಾಯಿತು.

ಅಂದರೆ ಜಾಹೀರಾತಿನಲ್ಲಿ "ಅರ್ಧ ಸವೆತ" ಎಂದು ಕಂಡರೆ ಯಾರು ಅಳೆದರು, ಯಾವ ಇಂಜಿನ್ನಿನಲ್ಲಿ ಅಳೆದರು ಎಂದು ಕೇಳಬೇಕು. ಬೀಜದ ಅಂಗಡಿಯಲ್ಲಿ ಕೇಳುತ್ತೇವೆ. ಇಲ್ಲೇಕೆ ಕೇಳಬಾರದು?

ಕೆಲಸ ಮಾಡಿದ ಒಂದು ಬಾಟ್ಲಿ

ಎಲ್ಲ ಬಾಟ್ಲಿಯೂ ಸುಳ್ಳು ಎಂದು ಬರೆದರೆ ನಾನೇ ಸುಳ್ಳ ಆಗುತ್ತೇನೆ. ನಮ್ಮ ಮನೆಯಲ್ಲಿ ಒಂದು ಹಳೆ ಓಮ್ನಿ ಇದೆ. 2008ರ ಮಾಡೆಲ್, ಪೆಟ್ರೋಲು. ಕಾಯಿಪಲ್ಯ, ಕಾಳಿನ ಚೀಲ, ಬಸುರಿ ಬಾಣಂತಿ ಎಲ್ಲರನ್ನೂ ಹೊತ್ತು 1,30,000 ಕಿಮೀ ದಾಟಿದೆ. 2022ರಲ್ಲಿ ಅದು ಜಗ್ಗಿ ಜಗ್ಗಿ ಓಡಲು ಶುರು ಮಾಡಿತು. ಲೀಟರಿಗೆ 16 ಕೊಡುತ್ತಿದ್ದದ್ದು 12.5ಕ್ಕೆ ಇಳಿಯಿತು.

ಈ ಸಲ ಒಂದೊಂದೇ ಕೆಲಸ ಮಾಡಿದೆವು. ಟ್ಯಾಂಕು ಕಂಠಮಟ ತುಂಬಿಸಿ, ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ಕಂಠಮಟ ತುಂಬಿಸಿ ಲೆಕ್ಕ ಹಾಕಿದೆವು. ಮೊದಲು ಏರ್ ಫಿಲ್ಟರ್ ಮತ್ತು ಪ್ಲಗ್ಗು ಬದಲಿಸಿದೆವು, ಟೈರಿನ ಗಾಳಿ ಸರಿ ಮಾಡಿದೆವು. 14.5 ಬಂತು. ಎರಡು ಟ್ಯಾಂಕು ಹಾಗೇ ಓಡಿಸಿದೆವು. ಆಮೇಲೆ ಇಂಜೆಕ್ಟರ್ ತೊಳೆಯುವ ಬಾಟ್ಲಿ ಒಂದನ್ನು ಪೆಟ್ರೋಲಿನಲ್ಲಿ ಹಾಕಿ ಒಂದು ಟ್ಯಾಂಕು ಪೂರ್ತಿ ಓಡಿಸಿದೆವು. ಮುಂದಿನ ಟ್ಯಾಂಕಿಗೆ 15.2 ಬಂತು. ಜಗ್ಗುವುದೂ ನಿಂತಿತು.

ಇದು ಏಕೆ ಕೆಲಸ ಮಾಡಿತು? ಇಂಜೆಕ್ಟರಿನ ಬಾಯಿಗೆ ಪೆಟ್ರೋಲಿನ ಜಿಗಟು ಕಟ್ಟಿಕೊಳ್ಳುತ್ತದೆ. ಆಗ ಪೆಟ್ರೋಲು ಸಣ್ಣ ಹನಿಯಾಗಿ ಸಿಡಿಯುವುದಿಲ್ಲ. ಔಷಧ ಹೊಡೆಯುವ ಪಂಪಿನ ನೋಜಲ್ ಕಟ್ಟಿದರೆ ಹೇಗೆ ಧಾರೆ ಬೀಳುತ್ತದೋ ಹಾಗೆ. ಪಾಲಿಈಥರ್ ಅಮೀನ್ ಎಂಬ ಪದಾರ್ಥ ಆ ಜಿಗಟನ್ನು ಕರಗಿಸುತ್ತದೆ. ಬಾಟ್ಲಿಯ ಮೇಲೆ ಆ ಹೆಸರು ಇದೆಯೋ ಎಂದು ಓದಿದವರಿಂದ ಓದಿಸಿ ನೋಡಿ. ಅದು ಹೊಲಸು ತೊಳೆಯುತ್ತದೆ. ಸವೆದದ್ದನ್ನು ತುಂಬುವುದಿಲ್ಲ. ನಮ್ಮ ಓಮ್ನಿಗೆ ಹೊಲಸು ಕಟ್ಟಿತ್ತು, ಅದಕ್ಕೆ ಗುಣ ಆಯಿತು. ಸ್ವಚ್ಛ ಇದ್ದ ಇಂಜೆಕ್ಟರಿಗೆ ಹಾಕಿದರೆ ಏನೂ ಆಗುವುದಿಲ್ಲ. ಪ್ರತಿ ಟ್ಯಾಂಕಿಗೂ ಹಾಕುವುದು ದುಡ್ಡು ಸುಟ್ಟ ಹಾಗೆ. ಇನ್ನೊಂದು ಗಮನಿಸಿ: ಹೆಚ್ಚಿನ ಗುಣ ಬಂದದ್ದು ಬಾಟ್ಲಿಯಿಂದಲ್ಲ, ಫಿಲ್ಟರ್, ಪ್ಲಗ್ಗು, ಗಾಳಿಯಿಂದ.

ಅದೇ ರೀತಿ ಹಳೆ ಗಾಡಿಗೆಂದೇ ಮಾಡಿದ ಎಣ್ಣೆಗಳಲ್ಲಿ ಒಣಗಿದ ರಬ್ಬರ್ ಸೀಲನ್ನು ಸ್ವಲ್ಪ ಉಬ್ಬಿಸಿ ಮೆದು ಮಾಡುವ ಪದಾರ್ಥ ಇರುತ್ತದೆ. ಎಣ್ಣೆ ಬೆವರಿದ ಹಾಗೆ ಜಿನುಗುತ್ತಿದ್ದರೆ ಅದರಿಂದ ಕಡಿಮೆ ಆಗಬಹುದು. ಸೀಲು ಹರಿದು ತೊಟ್ಟಿಕ್ಕುತ್ತಿದ್ದರೆ ಸೀಲನ್ನೇ ಬದಲಿಸಬೇಕು.

ಡೀಸೆಲ್ಲಿಗೆ ಟು-ಟಿ ಎಣ್ಣೆ, ಪೆಟ್ರೋಲಿಗೆ ನುಸಿಗುಳಿಗೆ

ನಮ್ಮ ಕಡೆ ಇನ್ನೊಂದು ರೂಢಿ ಬಂದಿದೆ. ಡೀಸೆಲ್ಲಿಗೆ ಟು-ಟಿ ಎಣ್ಣೆ ಬೆರೆಸುವುದು. "ಈಗಿನ ಡೀಸೆಲ್ ಒಣಾ ಐತಿ, ಪಂಪ್ ಸವೀತೈತಿ" ಎನ್ನುತ್ತಾರೆ. ಇದರಲ್ಲಿ ಅರ್ಧ ನಿಜ ಇದೆ. ಮೊದಲು ಡೀಸೆಲ್ಲಿನಲ್ಲಿ ಗಂಧಕ ಹೆಚ್ಚಿತ್ತು. ಬಿಎಸ್-4ರಲ್ಲಿ ಹತ್ತು ಲಕ್ಷಕ್ಕೆ 50 ಭಾಗ, 2020ರ ಏಪ್ರಿಲ್‌ನಿಂದ ದೇಶದ ತುಂಬ ಬಿಎಸ್-6 ಬಂದ ಮೇಲೆ 10 ಭಾಗ. ಗಂಧಕ ತೆಗೆಯುವಾಗ ಡೀಸೆಲ್ಲಿನ ಜಾರುವ ಗುಣವೂ ಹೋಗುತ್ತದೆ, ನಿಜ. ಆದರೆ ಆ ಗುಣ ಇಷ್ಟು ಇರಲೇಬೇಕು ಎಂದು ಸರಕಾರದ ಮಾನದಂಡ ಇದೆ. ಅದಕ್ಕೆ ಬೇಕಾದ ಪದಾರ್ಥವನ್ನು ಎಣ್ಣೆ ಕಂಪನಿಯವರೇ ಬೆರೆಸಿ ಬಂಕಿಗೆ ಕಳಿಸುತ್ತಾರೆ. ನಾವು ಮತ್ತೆ ಬೆರೆಸಬೇಕಾಗಿಲ್ಲ.

ಹಿಂದೆ ನಾವು ಲೂನಾ, ರಾಜದೂತ ಓಡಿಸುವಾಗ ಮೈಲೇಜಿಗೆ ಎಂದು ಪೆಟ್ರೋಲಿನಲ್ಲಿ ನುಸಿಗುಳಿಗೆ ಹಾಕುತ್ತಿದ್ದೆವು. ಮೈಲೇಜು ಬಂದದ್ದು ನಾನು ಕಾಣೆ. ಪೆಟ್ರೋಲು ಆರಿದಾಗ ಗುಳಿಗೆಯ ಹರಳು ಕಾರ್ಬ್ಯುರೇಟರಿನ ಜೆಟ್ಟಿನಲ್ಲಿ ಕುಂತು ಗಾಡಿ ದಬ್ಬಿದ್ದು ಮಾತ್ರ ನೆನಪಿದೆ. ಬಾಟ್ಲಿ ಹೊಸದು, ಆಸೆ ಹಳೆಯದು.

ಈಗಿನ ಪೆಟ್ರೋಲಿನ ಮಾತೂ ಹೇಳಬೇಕು. 2025ರ ಹೊತ್ತಿಗೆ ದೇಶದಲ್ಲಿ ಪೆಟ್ರೋಲಿಗೆ ಶೇ. 20 ಎಥೆನಾಲ್ ಬೆರೆಸುವ ಮಟ್ಟಕ್ಕೆ ಬಂದಿದೆ. ಎಥೆನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಕಡಿಮೆ. ಹಾಗಾಗಿ ಹಳೆ ಗಾಡಿ ಸ್ವಲ್ಪ ಮೈಲೇಜು ಕಡಿಮೆ ಕೊಟ್ಟರೆ ಇಂಜಿನ್ ಕೆಟ್ಟಿತು ಎಂದು ಗಾಬರಿಯಾಗಿ ಬಾಟ್ಲಿ ಕೊಳ್ಳಬೇಡಿ. ಆದರೆ ಹಳೆ ಗಾಡಿಗಳ ರಬ್ಬರ್ ಪೈಪು, ವಾಷರು ಎಥೆನಾಲಿಗೆಂದು ಮಾಡಿದವಲ್ಲ. ಅವು ಉಬ್ಬಿವೆಯೋ, ಸೀಳಿವೆಯೋ ಆಗಾಗ ನೋಡಿ. ಎಥೆನಾಲು ನೀರನ್ನು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಲ್ಲಿ ಪೆಟ್ರೋಲು ಹಾಗೇ ಬಿಡಬೇಡಿ.

ತೊಳೆಯುವ ಬಾಟ್ಲಿಯ ಅಪಾಯ

ಎಣ್ಣೆ ಬದಲಿಸುವ ಮೊದಲು ಇಂಜಿನ್ ಒಳಗನ್ನು ತೊಳೆಯುವ ಫ್ಲಶ್ ಎಂಬ ಬಾಟ್ಲಿ ಇದೆ. ವರ್ಷಗಟ್ಟಲೆ ಎಣ್ಣೆ ಬದಲಿಸದ ಇಂಜಿನ್ನಿನಲ್ಲಿ ಕೆಸರು ಕಟ್ಟಿರುತ್ತದೆ. ಫ್ಲಶ್ ಹಾಕಿದರೆ ಆ ಕೆಸರು ಹೆಪ್ಪಳಿಕೆಯಾಗಿ ಎದ್ದು, ಎಣ್ಣೆ ಎಳೆಯುವ ಜಾಲರಿಗೆ ಅಡ್ಡ ಬೀಳಬಹುದು. ಆಗ ಎಣ್ಣೆ ಮೇಲೇರದೆ ಇಂಜಿನ್ ಹಿಡಿದುಬಿಡುತ್ತದೆ. ಅದಕ್ಕಿಂತ ಒಳ್ಳೆ ಎಣ್ಣೆ ಹಾಕಿ, ಅರ್ಧ ಅವಧಿಗೇ ತೆಗೆದು, ಫಿಲ್ಟರ್ ಬದಲಿಸಿ, ಇನ್ನೊಮ್ಮೆ ಹೀಗೇ ಮಾಡುವುದು ಒಳ್ಳೆಯದು. ಎಣ್ಣೆಯೊಳಗಿನ ತೊಳೆಯುವ ಪದಾರ್ಥವೇ ನಿಧಾನಕ್ಕೆ ಕೆಸರನ್ನು ಬಿಡಿಸುತ್ತದೆ.

ಬಾಟ್ಲಿಗೆ ಮೊದಲು ಹೊಗೆ ನೋಡಿ

ಈಗ ನಾನು ಮಾಡುವ ಕ್ರಮ ಹೇಳುತ್ತೇನೆ.

ಕಪ್ಪು ಹೊಗೆ ಬಂದರೆ ಗಾಳಿ ಕಡಿಮೆ ಅಥವಾ ಡೀಸೆಲ್ ಹೆಚ್ಚು. ಮೊದಲು ಏರ್ ಕ್ಲೀನರ್ ನೋಡಿ. ಅದು ಸರಿ ಇದ್ದರೆ ನೋಜಲ್ ಬಿಚ್ಚಿಸಿ ಪಂಪ್ ರಿಪೇರಿಯವರಲ್ಲಿ ಪರೀಕ್ಷೆ ಮಾಡಿಸಿ.

ನೀಲಿ ಹೊಗೆ ಎಣ್ಣೆ ಸುಡುವ ಗುರುತು. ರಿಂಗ್, ಲೈನರ್ ಅಥವಾ ವಾಲ್ವಿನ ಕಡೆ ಸವೆತ ಆಗಿದೆ. ಇಂಜಿನ್ ಓಡುವಾಗ ಬ್ರೀದರಿನಿಂದ ಬುಸುಬುಸು ಹೊಗೆ ಬರುತ್ತಿದ್ದರೆ ರಿಂಗಿನ ಮೇಲೆ ಹೆಚ್ಚು ಸಂಶಯ.

ಬಿಳಿ ಹೊಗೆ ಚಳಿಯ ಮುಂಜಾನೆ ಬಂದು, ಇಂಜಿನ್ ಕಾದ ಮೇಲೆ ಹೋದರೆ ಹೆದರಬೇಕಿಲ್ಲ. ಕಾದ ಮೇಲೂ ಬರುತ್ತಿದ್ದರೆ, ರೇಡಿಯೇಟರಿನ ನೀರು ಇಳಿಯುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ನೋಡಿಸಿ.

ಎಣ್ಣೆ ಅಳೆಯುವ ಕಡ್ಡಿ ದಿನಾ ನೋಡಿ. ಎಣ್ಣೆ ಹಾಲು ಬೆರೆತ ಚಹದ ಬಣ್ಣಕ್ಕೆ ಬಂದಿದ್ದರೆ ನೀರು ಸೇರಿದೆ. ಎಣ್ಣೆ ಇಳಿಯುವ ಬದಲು ಏರಿದ್ದರೆ ಡೀಸೆಲ್ಲೋ ನೀರೋ ಸೇರಿದೆ. ಎರಡರಲ್ಲೂ ಚಾಲೂ ಮಾಡಬಾರದು.

ಕಡಲೆ, ಹೆಸರು ರಾಶಿಯ ದಿನಗಳಲ್ಲಿ ಏರ್ ಕ್ಲೀನರಿನ ಎಣ್ಣೆಬಟ್ಟಲನ್ನು ದಿನಾ ಬಿಚ್ಚಿ ನೋಡಿ. ತಳದಲ್ಲಿ ಕೆಸರು ಕಂಡರೆ ತೊಳೆದು, ಗುರುತಿನಮಟ ಮಾತ್ರ ಎಣ್ಣೆ ಹಾಕಿ. ಹೆಚ್ಚು ಹಾಕಿದರೆ ಇಂಜಿನ್ ಆ ಎಣ್ಣೆಯನ್ನೇ ಎಳೆದುಕೊಂಡು ಬಂದ್ ಮಾಡಿದರೂ ನಿಲ್ಲದೆ ಓಡುವ ಅಪಾಯ ಇದೆ. ರಬ್ಬರ್ ಪೈಪಿನ ಕ್ಲಿಪ್ಪು ಬಿಚ್ಚಿ ಬಿಳಿ ಅರಿವೆಯಿಂದ ಒಳಗೆ ಒರೆಸಿ. ಅರಿವೆ ಸ್ವಚ್ಛ ಬರಬೇಕು. ಇದಕ್ಕೆ ಐದು ನಿಮಿಷ ಸಾಕು.

ನಮ್ಮ ಬೇಸಾಯದಲ್ಲಿ ಟ್ರ್ಯಾಕ್ಟರು ವರ್ಷಕ್ಕೆ ನಾಕೈದು ತಿಂಗಳು ಸುಮ್ಮನೆ ನಿಲ್ಲುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ಗಾಳಿಯ ತೇವ ಹನಿಯಾಗಿ ತಳಕ್ಕೆ ಇಳಿಯುತ್ತದೆ. ನೀರು ನಿಂತಲ್ಲಿ ಬೂಷ್ಟು ಹಿಡಿದು ಫಿಲ್ಟರ್ ಕಟ್ಟುತ್ತದೆ. ನಿಲ್ಲಿಸುವ ಮೊದಲು ಟ್ಯಾಂಕು ತುಂಬಿಸಿ. ಮತ್ತೆ ಚಾಲೂ ಮಾಡುವ ಮೊದಲು ಫಿಲ್ಟರಿನ ಅಡಿಯ ಸ್ಕ್ರೂ ಸಡಿಲಿಸಿ ನೀರು ಬಿಡಿ.

ಎಣ್ಣೆಯನ್ನು ಬಿಲ್ಲು ಕೊಡುವಲ್ಲಿ ಮಾತ್ರ ಕೊಳ್ಳಿ. ಖಾಲಿ ಡಬ್ಬಿಯನ್ನು ಕುಡುಗೋಲಿನಿಂದ ಸೀಳಿ ಒಗೆಯಿರಿ. ಇಲ್ಲದಿದ್ದರೆ ಅದೇ ಡಬ್ಬಿಯಲ್ಲಿ ಸುಟ್ಟ ಎಣ್ಣೆ ತುಂಬಿ ನಮಗೇ ಮಾರುವವರು ಇದ್ದಾರೆ.

ಕೊನೆಯ ಲೆಕ್ಕ

ಎರಡು ಬಾಟ್ಲಿಗೆ ನಾನು ಕೊಟ್ಟದ್ದು 1,300 ರೂಪಾಯಿ. ಅವು ನನ್ನ ಇಂಜಿನ್ನನ್ನು ಕೆಡಿಸಿದವು ಎಂದು ನಾನು ಹೇಳುವುದಿಲ್ಲ. ಕೆಡಿಸಿದ್ದು ಧೂಳು. ಆದರೆ ಇಂಜಿನ್ನು ನಾಕು ತಿಂಗಳು ಕೂಗಿ ಹೇಳುತ್ತಿದ್ದದ್ದು ನನ್ನ ಕಿವಿಗೆ ಬೀಳದ ಹಾಗೆ ಬಾಟ್ಲಿ ಮಾಡಿತು. ಅದರ ಬೆಲೆ 23 ಸಾವಿರ ಹೆಚ್ಚಿನ ಖರ್ಚು, ಮತ್ತು ಆ ಅಕ್ಕನವರ ಬಣವೆಯ ಬುಡದ ಕಡಲೆ. 210 ರೂಪಾಯಿಯ ಪೈಪು, ಕ್ಲಿಪ್ಪು ಹಾಕಿದ್ದರೆ ಮುಗಿದಿತ್ತು.

ಬಾಟ್ಲಿ ತಂದ ಆ ಇಬ್ಬರಿಗೂ ಹೋಗಿ ಹೇಳಿದೆ. ಒಬ್ಬರ ಟ್ರ್ಯಾಕ್ಟರಿನ ಪೈಪಿನಲ್ಲಿ ಅರಿವೆ ಕರ್ರಗೆ ಬಂತು. ಅವರು ಮರುದಿನವೇ ಪೈಪು ಬದಲಿಸಿದರು. ಅವರ ಇಂಜಿನ್ನು ಇನ್ನೂ ಬಿಚ್ಚಿಲ್ಲ.

ಇಂಜಿನ್ ಕಟ್ಟಿಸಿದ ಮೇಲೆ ನನ್ನ ವಹಿಯಲ್ಲಿ 10 ತಾಸಿಗೆ ಇಳಿಯುವ ಎಣ್ಣೆ 50 ಮಿಲಿಯ ಒಳಗೇ ಇದೆ. ಯಾವ ಬಾಟ್ಲಿಯನ್ನೂ ಹಾಕಿಲ್ಲ. ಓದುಗರಲ್ಲಿ ಯಾರಾದರೂ ಬಾಟ್ಲಿ ಹಾಕಿ ಗುಣ ಕಂಡಿದ್ದರೆ ಪತ್ರಿಕೆಗೆ ಬರೆಯಿರಿ. ಆದರೆ ಎಷ್ಟು ತಾಸು, ಎಷ್ಟು ಎಣ್ಣೆ, ಜೊತೆಗೆ ಮತ್ತೇನು ಬದಲಿಸಿದಿರಿ ಎಂಬ ಲೆಕ್ಕ ಸಹಿತ ಬರೆಯಿರಿ. ಅದಕ್ಕೂ ಮೊದಲು ಇವತ್ತು ಸಂಜೆ ಒಂದು ಬಿಳಿ ಅರಿವೆ ತೆಗೆದುಕೊಂಡು ಆ ರಬ್ಬರ್ ಪೈಪು ಬಿಚ್ಚಿ ನೋಡಿ.